ಪತ್ರಿಕೆಯ ಮಳೆ, ಹೊಲದ ಮಳೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯ ಕಾರ್ಯಕರ್ತರು ಮನೆಗೆ ಬಂದಾಗ ನನಗೆ ಸಂತೋಷವೂ ಸಂಕೋಚವೂ ಒಟ್ಟಿಗೇ ಆದವು. ಬಂದವರಲ್ಲಿ ಇಬ್ಬರು ನನ್ನ ಮುಂದೆ ಕುಳಿತು ಕಾಗುಣಿತ ತಿದ್ದಿದವರು. ಅವರ ತಲೆಯೂ ಈಗ ನರೆತಿದೆ. ಶಾಲೆ ಹೇಗೆ ಹುಟ್ಟಿತು, ಯಾರು ಜಾಗ ಕೊಟ್ಟರು, ಯಾರು ಕಲ್ಲು ಹೊತ್ತರು ಎಂಬುದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ಸಂಚಿಕೆಯಲ್ಲಿ ಬರೆಯುವರು. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಶಿಕ್ಷಕ ತರಬೇತಿ ಪಡೆದು, ಸೀಮೆಸುಣ್ಣದ ಪುಡಿಯಲ್ಲಿಯೇ ಆಯುಷ್ಯ ಕಳೆದ ನನಗೆ ದೊಡ್ಡ ವಿಷಯಗಳನ್ನು ಕುರಿತು ಬರೆಯುವ ಅಧಿಕಾರವಿಲ್ಲ. ಆದುದರಿಂದ ಒಂದೇ ಒಂದು ಶಬ್ದವನ್ನು ಹಿಡಿದುಕೊಂಡು, ಅದು ನನಗೆ ಕಲಿಸಿದ ಪಾಠವನ್ನು ಓದುಗರ ಮುಂದೆ ಇಡಲು ಇಚ್ಛಿಸುತ್ತೇನೆ. ಆ ಶಬ್ದ ‘ಹವಾಮಾನ’.

ಕಂಗ್ಟಿಯ ಮೇಲಿರುವ ಆಕಾಶ ಒಂದೇ. ಆದರೆ ಅದರ ಸುದ್ದಿ ನಮಗೆ ನಾಲ್ಕು ಭಾಷೆಗಳಲ್ಲಿ ತಲುಪುತ್ತದೆ. ಕನ್ನಡ ಪತ್ರಿಕೆ ‘ಹವಾಮಾನ’ ಎನ್ನುತ್ತದೆ, ಮರಾಠಿಯೂ ಹಾಗೆಯೇ ಎನ್ನುತ್ತದೆ. ಉರ್ದು ಬಲ್ಲವರು ‘ಮೌಸಮ್’ ಎನ್ನುತ್ತಾರೆ. ತೆಲುಗು ಪತ್ರಿಕೆ ‘ವಾತಾವರಣಂ’ ಎಂದು ಬರೆಯುತ್ತದೆ. ಕನ್ನಡದಲ್ಲಿಯೂ ‘ವಾತಾವರಣ’ ಎಂಬ ಶಬ್ದವಿದೆಯಷ್ಟೆ. ಆದರೆ ನಮ್ಮಲ್ಲಿ ಅದು ವಿಜ್ಞಾನದ ಪಾಠದಲ್ಲಿ ಭೂಮಿಯನ್ನು ಸುತ್ತಿದ ವಾಯುಮಂಡಲ, ಪತ್ರಿಕೆಯಲ್ಲಿ ಬಹುಮಟ್ಟಿಗೆ ಜನರ ಮನಸ್ಸಿನ ಸ್ಥಿತಿ. ‘ಬಿಗುವಿನ ವಾತಾವರಣ’, ‘ಹಬ್ಬದ ವಾತಾವರಣ’, ‘ಭಯದ ವಾತಾವರಣ’ ಎಂದು ಓದುತ್ತೇವೆ. ತೆಲುಗು ವಾರ್ತೆ ಕೇಳಿ ಬಂದ ಹುಡುಗನೊಬ್ಬ ತರಗತಿಯಲ್ಲಿ ಎದ್ದುನಿಂತು “ಇವತ್ತು ಹೈದರಾಬಾದಿನಾಗ ವಾತಾವರಣ ಸರಿ ಇಲ್ಲ ಸರ್” ಎಂದರೆ, ಅಲ್ಲಿ ಮಳೆ ಬರುತ್ತಿದೆಯೋ ಗಲಭೆ ನಡೆದಿದೆಯೋ ಎಂದು ನಾನು ಮರಳಿ ಕೇಳಬೇಕಾಗುತ್ತಿತ್ತು.

‘ಹವಾಮಾನ’ ಎಂಬ ಶಬ್ದದ ಹುಟ್ಟೂ ಸ್ವಾರಸ್ಯವಾದುದು. ‘ಹವಾ’ ಅರಬ್ಬೀ ಮೂಲದ್ದು, ಫಾರಸಿ ಉರ್ದುಗಳ ಮೂಲಕ ಬಂದದ್ದು. ‘ಮಾನ’ ಸಂಸ್ಕೃತ, ಅಳತೆ ಎಂದರ್ಥ. ಎರಡೂ ಕೂಡಿ ‘ಗಾಳಿಯ ಅಳತೆ’ ಎಂದಾಯಿತು. ‘ಮಾನ್ಸೂನ್’ ಎಂಬುದು ಅರಬ್ಬೀಯ ಅದೇ ‘ಮೌಸಿಮ್’. ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋಗಿ ನಮ್ಮ ಪತ್ರಿಕೆಗಳಿಗೆ ಬಂದಿದೆ. ಮುಂಗಾರು, ಹಿಂಗಾರುಗಳು ನಮ್ಮ ರೈತನ ಮಾತುಗಳು. ಗಡಿಯಲ್ಲಿ ಬಾಳಿದ ನನಗೆ ‘ಹವಾಮಾನ’ವನ್ನು ಕಂಡಾಗಲೆಲ್ಲ, ಇದು ನಮ್ಮೂರಿನಂಥ ಊರಿನಲ್ಲಿಯೇ ಹುಟ್ಟಿರಬೇಕಾದ ಶಬ್ದವೆಂದು ಅನಿಸುವುದುಂಟು.

ಗಡಿಯ ಮಾತು ಬಂದುದರಿಂದ ಕಿರಿಯರಿಗಾಗಿ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ನಿಜಾಮರ ಕಾಲದಿಂದ ನಾರಾಯಣಖೇಡ ಮತ್ತು ಜಹೀರಾಬಾದ ತಾಲ್ಲೂಕುಗಳು ಬೀದರ ಜಿಲ್ಲೆಗೆ, ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ, ಗುಲಬರ್ಗಾಗಳು ಮೈಸೂರು ರಾಜ್ಯಕ್ಕೆ ಹೋದವು. ನಮ್ಮ ತಾಲ್ಲೂಕುಗಳು ಆಂಧ್ರಪ್ರದೇಶದಲ್ಲಿ ಉಳಿದವು. 2014ರ ಜೂನ್ 2ರಂದು ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಮೆದಕ್ ಜಿಲ್ಲೆಯನ್ನು ವಿಂಗಡಿಸಿದಾಗ ಕಂಗ್ಟಿ ಸಂಗಾರೆಡ್ಡಿ ಜಿಲ್ಲೆಗೆ ಸೇರಿತು. ಇಷ್ಟೆಲ್ಲ ಬದಲಾದರೂ ಮನೆಯ ಮಾತು ಕನ್ನಡವಾಗಿಯೇ ಉಳಿದ ಕುಟುಂಬಗಳ ಮಕ್ಕಳಿಗಾಗಿ ನಮ್ಮ ಶಾಲೆ ಹುಟ್ಟಿತು.

ಇದರ ಪರಿಣಾಮ ಹವಾಮಾನ ವರದಿಯ ಮೇಲೂ ಆಯಿತು. ಭಾರತದ ಹವಾಮಾನ ಇಲಾಖೆ ದೇಶವನ್ನು 36 ಉಪವಿಭಾಗಗಳಾಗಿ ಹಂಚಿಕೊಂಡಿದೆ. ಕರ್ನಾಟಕದಲ್ಲಿ ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು, ತೆಲಂಗಾಣವೇ ಒಂದು. ಔರಾದ ಉತ್ತರ ಒಳನಾಡಿನಲ್ಲಿದೆ, ಕಂಗ್ಟಿ ತೆಲಂಗಾಣದಲ್ಲಿದೆ. ಔರಾದ ಕಡೆಯಿಂದ ಎದ್ದ ಮೋಡ ನಮ್ಮ ಹೊಲಕ್ಕೆ ಬರುವಷ್ಟರಲ್ಲಿ ಅದರ ವಿಳಾಸ ಬದಲಾಗಿರುತ್ತದೆ. ನಾವು ಓದುವ ಕನ್ನಡ ಪತ್ರಿಕೆಯ ಮಳೆ ಬೀದರಿಗೆ ನಿಲ್ಲುತ್ತಿತ್ತು. ತೆಲುಗು ಪತ್ರಿಕೆಯ ಮಳೆ ಹೈದರಾಬಾದಿನ ಸುತ್ತಮುತ್ತ ಬೀಳುತ್ತಿತ್ತು. ಅದೂ ಅಲ್ಲದೆ ಆ ದಿನಗಳಲ್ಲಿ ಕನ್ನಡ ಪತ್ರಿಕೆ ಬೀದರಿನ ಬಸ್ಸಿನಲ್ಲಿ ಒಂದು ದಿನ ತಡವಾಗಿ ಬರುತ್ತಿತ್ತಾದ್ದರಿಂದ, ‘ನಾಳೆ ಮಳೆ’ ಎಂಬ ಸುದ್ದಿಯನ್ನು ನಾವು ಆ ನಾಳೆ ಮುಗಿಯುವ ಹೊತ್ತಿಗೆ ಓದುತ್ತಿದ್ದೆವು. 1966ರಲ್ಲಿ ಗುಲಬರ್ಗಾ ಆಕಾಶವಾಣಿ ಆರಂಭವಾದ ಮೇಲೆ ಈ ತೊಂದರೆ ಸ್ವಲ್ಪಮಟ್ಟಿಗೆ ಕಡಿಮೆಯಾಯಿತು.

ಆ ವರದಿಯ ಭಾಷೆಯನ್ನು ನಾನು ಬಹುಕಾಲ ಸುಮ್ಮನೆ ಕೇಳುತ್ತಿದ್ದೆ. ‘ಒಂದೆರಡು ಕಡೆ’, ‘ಕೆಲವೆಡೆ’, ‘ಹಲವೆಡೆ’, ‘ಬಹುತೇಕ ಕಡೆ’ ಎಂಬ ಮಾತುಗಳು ಕೇಳಿದಾಗ, ಇದು ತಪ್ಪಿಸಿಕೊಳ್ಳುವವನ ಮಾತೆಂದು ಊರಿನಲ್ಲಿ ನಗುತ್ತಿದ್ದರು. ಆಮೇಲೆ ತಿಳಿಯಿತು, ಈ ಒಂದೊಂದು ಮಾತಿಗೂ ಲೆಕ್ಕವಿದೆ. ಉಪವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಳೆಯಾದರೆ ‘ಒಂದೆರಡು ಕಡೆ’. 26ರಿಂದ 50ರವರೆಗಾದರೆ ‘ಕೆಲವೆಡೆ’. 51ರಿಂದ 75 ‘ಹಲವೆಡೆ’. ಅದಕ್ಕೂ ಮೇಲಾದರೆ ‘ಬಹುತೇಕ ಕಡೆ’. ಹಾಗೆಯೇ 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5 ಮಿಲಿಮೀಟರಿನವರೆಗೆ ಬಿದ್ದರೆ ‘ಭಾರಿ ಮಳೆ’, 115.6ರಿಂದ 204.4ರವರೆಗೆ ‘ಅತಿ ಭಾರಿ’. 2.5 ಮಿಲಿಮೀಟರು ಬೀಳದ ದಿನವನ್ನು ‘ಮಳೆಯ ದಿನ’ವೆಂದೇ ಎಣಿಸುವುದಿಲ್ಲ. ಗಂಟೆಗೆ 31 ಕಿಲೋಮೀಟರು ವೇಗದ ಗಾಳಿಯಿದ್ದರೆ ‘ವಾಯುಭಾರ ಕುಸಿತ’. 62 ಕಿಲೋಮೀಟರು ಮುಟ್ಟಿದರೆ ಮಾತ್ರ ‘ಚಂಡಮಾರುತ’. ಸಡಿಲವಾಗಿ ಕಾಣುವ ಆ ಭಾಷೆಯಷ್ಟು ಬಿಗಿಯಾದ ಭಾಷೆ ಪತ್ರಿಕೆಯ ಬೇರೆ ಯಾವ ಮೂಲೆಯಲ್ಲಿಯೂ ಇಲ್ಲವೆಂದು ನನ್ನ ನಮ್ರ ಅಭಿಪ್ರಾಯ.

ಈ ಬಿಗಿಗೆ ಒಂದು ಇತಿಹಾಸವಿದೆ. 1859ರಲ್ಲಿ ಇಂಗ್ಲೆಂಡಿನ ಸಮೀಪ ‘ರಾಯಲ್ ಚಾರ್ಟರ್’ ಎಂಬ ಹಡಗು ಬಿರುಗಾಳಿಗೆ ಸಿಕ್ಕು ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಆಗ ರಾಬರ್ಟ್ ಫಿಟ್ಜ್‌ರಾಯ್ ಎಂಬ ನೌಕಾಧಿಕಾರಿ, ಹಿಂದೆ ಡಾರ್ವಿನ್ನನನ್ನು ‘ಬೀಗಲ್’ ಹಡಗಿನಲ್ಲಿ ಕರೆದೊಯ್ದವನು, ತಂತಿಯ ಮೂಲಕ ಬಂದರುಗಳಿಗೆ ಎಚ್ಚರಿಕೆ ಕಳಿಸುವ ಏರ್ಪಾಡು ಮಾಡಿದನು. 1861ರ ಆಗಸ್ಟ್ 1ರಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಅವನ ಮೊದಲ ಹವಾ ಮುನ್ಸೂಚನೆ ಅಚ್ಚಾಯಿತು. ಇದು ಭವಿಷ್ಯವಾಣಿಯಲ್ಲ, ಲೆಕ್ಕದಿಂದ ಬಂದ ಅಭಿಪ್ರಾಯ ಎಂಬುದು ಅವನ ನಿಲುವಾಗಿತ್ತು. ಹೀಗೆ ಹವಾಮಾನವು ಪತ್ರಿಕೆಯೊಳಗೆ ಕಾಲಿಟ್ಟದ್ದು ಜನರ ಪ್ರಾಣ ಉಳಿಸಲಿಕ್ಕಾಗಿ.

ಆದರೆ ಅದೇ ಪತ್ರಿಕೆಯ ಮೊದಲ ಪುಟವನ್ನು ನೋಡಿರಿ. ಅಲ್ಲಿ ಮಳೆ, ಗಾಳಿ, ಸಿಡಿಲುಗಳಿಗೆ ಲೆಕ್ಕವೇ ಇಲ್ಲ. ಪಕ್ಷದೊಳಗೆ ‘ಭಿನ್ನಮತದ ಬಿರುಗಾಳಿ’ ಏಳುತ್ತದೆ. ಪ್ರತಿಪಕ್ಷದ ನಾಯಕರು ‘ಗುಡುಗುತ್ತಾರೆ’, ಮಂತ್ರಿಗಳು ‘ಮಿಂಚಿನ ಸಂಚಾರ’ ಮಾಡುತ್ತಾರೆ. ಒಪ್ಪಂದದ ಮೇಲೆ ‘ಅನುಮಾನದ ಮೋಡ’, ದೇಶದ ಮೇಲೆ ‘ಯುದ್ಧದ ಕಾರ್ಮೋಡ’. ಕ್ರಿಕೆಟ್ಟಿನಲ್ಲಿ ‘ಸಿಕ್ಸರುಗಳ ಸುರಿಮಳೆ’. ಚುನಾವಣೆ ಬಂದರೆ ‘ಕಾವು’, ‘ಅಲೆ’, ‘ಹವಾ’. 2004ರ ಡಿಸೆಂಬರ್ 26ರಂದು ಕಡಲು ಉಕ್ಕಿ ಲಕ್ಷಾಂತರ ಜನರನ್ನು ನುಂಗಿದ ಮೇಲೆ ‘ಸುನಾಮಿ’ ಎಂಬ ಜಪಾನೀ ಶಬ್ದ ಮನೆಮನೆಗೆ ಬಂತು. ಕೆಲವೇ ವರ್ಷಗಳಲ್ಲಿ ಅದು ಮತಗಳಿಗೂ ಅಂಟಿತು. ‘ಮುಂಗಾರು ಅಧಿವೇಶನ ಮುಂದೂಡಿಕೆ’ ಎಂಬ ತಲೆಬರಹವನ್ನು ನಾನು ಓದಿ ಹೇಳಿದಾಗ ಪಕ್ಕದ ಮನೆಯ ಅಜ್ಜಿ ಮೊದಲಿನ ಶಬ್ದವನ್ನಷ್ಟೇ ಕೇಳಿ, “ಇನ್ನೂ ಮುಂದಕ್ಕ ಹೋಯ್ತೇನಪಾ?” ಎಂದು ಹಣೆ ಹಣೆ ಬಡಿದುಕೊಂಡದ್ದುಂಟು.

ಅದು ನಗುವ ಸಂಗತಿ. ನಗಲಾರದ ಒಂದು ಸಂಗತಿಯೂ ಇದೆ.

1972ರ ಬರಗಾಲವನ್ನು ಕಂಡವರು ಈ ಸಂಚಿಕೆಯ ಓದುಗರಲ್ಲಿ ಇನ್ನೂ ಇದ್ದಾರೆ. ಮಹಾರಾಷ್ಟ್ರ, ಬೀದರ, ನಮ್ಮ ಸೀಮೆ ಎಲ್ಲವೂ ಒಂದೇ ಬೆಂಕಿಯಲ್ಲಿ ಬೆಂದವು. ನನಗಾಗ 22 ವರ್ಷ. ಹೊಸದಾಗಿ ಮಾಸ್ತರಿಕೆಗೆ ಸೇರಿದ್ದೆ. ಸಾಯಂಕಾಲ ಬೇವಿನ ಕಟ್ಟೆಯ ಮೇಲೆ ಕುಳಿತು ಊರವರಿಗೆ ಪತ್ರಿಕೆ ಓದಿ ಹೇಳುವ ಕೆಲಸ ನನ್ನದಾಗಿತ್ತು. ಒಂದು ದಿನ ಯಾವುದೋ ಸಭೆಯ ಸುದ್ದಿ ಬಂದಿತ್ತು. ತಲೆಬರಹವನ್ನು ಗಟ್ಟಿಯಾಗಿ ಓದಿದೆ. ಕೊನೆಯ ಶಬ್ದ ‘ಸುರಿಮಳೆ’ ಎಂದಿತ್ತು. ಕಟ್ಟೆಯ ತುದಿಯಲ್ಲಿ ಕುಳಿತಿದ್ದ ಮುದುಕರೊಬ್ಬರು, ಎತ್ತುಗಳನ್ನು ಅದೇ ವಾರ ಮಾರಿ ಬಂದವರು, ತಟ್ಟನೆ ಎದ್ದು ಹತ್ತಿರ ಬಂದರು. “ಮಳಿ ಯಾ ಊರಾಗ ಬಿತ್ತೋ ತಮ್ಮಾ?” ಎಂದು ಕೇಳಿದರು. ನಾನು ಮತ್ತೊಮ್ಮೆ ಓದಿದೆ. ಅದು ‘ಆಶ್ವಾಸನೆಗಳ ಸುರಿಮಳೆ’ ಆಗಿತ್ತು. ಮುದುಕರು ಏನೂ ಅನ್ನಲಿಲ್ಲ. ಮರಳಿ ಹೋಗಿ ತಮ್ಮ ಜಾಗದಲ್ಲಿ ಕುಳಿತರು. ಉಳಿದ ಸುದ್ದಿಯನ್ನು ಓದಲು ನನಗೆ ಬಾಯಿ ಬರಲಿಲ್ಲ.

ಆ ತಲೆಬರಹ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಅವರು ದೂರದ ಪಟ್ಟಣದಲ್ಲಿ, ಫ್ಯಾನಿನ ಕೆಳಗೆ, ಅವಸರದಲ್ಲಿ ಬರೆದಿದ್ದರು. ಅದರಲ್ಲಿ ವ್ಯಂಗ್ಯವೂ ಇದ್ದಿರಬಹುದು. ಆದರೆ ಮಳೆಗಾಗಿ ಕಣ್ಣು ನೆಟ್ಟು ಕುಳಿತವನ ಕಿವಿಗೆ ಮಳೆಯೆಂಬ ಶಬ್ದ ಹೇಗೆ ಬೀಳುತ್ತದೆ ಎಂಬುದು ಅವರಿಗೆ ಕಾಣಲಿಲ್ಲ.

ಹಾಗೆಂದು ಆಕಾಶದ ಮಾತನ್ನು ನೆಲದ ಸಂಗತಿಗೆ ಹಚ್ಚಲೇಬಾರದೆಂದು ನಾನು ಹೇಳುವುದಿಲ್ಲ. ನಮ್ಮ ಹಿರಿಯರು ಅದನ್ನು ಪತ್ರಿಕೆಯವರಿಗಿಂತ ಬಹಳ ಮೊದಲೇ ಮಾಡಿದ್ದಾರೆ. ‘ಗಾಳಿ ಬಂದಾಗ ತೂರಿಕೋ’ ಎಂದವರು ಕಣದಲ್ಲಿ ನಿಂತು ರಾಶಿ ತೂರಿದವರು. ‘ಮಳೆ ನಿಂತರೂ ಮರದ ಹನಿ ನಿಲ್ಲದು’ ಎಂದವರು ಮರದ ಕೆಳಗೆ ನಿಂತು ನೆನೆದವರು. ಆಧಾರವಿಲ್ಲದ ಸುದ್ದಿಗೆ ‘ಗಾಳಿಮಾತು’ ಎಂದು ಹೆಸರಿಟ್ಟದ್ದಂತೂ ಪತ್ರಿಕೋದ್ಯಮದ ಪಾಠವನ್ನೆಲ್ಲ ಒಂದೇ ಶಬ್ದದಲ್ಲಿ ಹೇಳಿದಂತೆ. ಇಂಥ ಮಾತುಗಳು ಕಾಣದ್ದನ್ನು ಕಾಣಿಸುತ್ತವೆ. ನನ್ನ ತಕರಾರು ಇರುವುದು ಕಂಡದ್ದನ್ನು ಮುಚ್ಚುವ ಮಾತುಗಳ ಬಗ್ಗೆ.

ಮುಚ್ಚುವುದು ಎಂದರೇನು? ಗಾಳಿಗೆ ಕರ್ತೃವಿಲ್ಲ. ಮಳೆ ಬಾರದಿದ್ದರೆ ಯಾರ ಮೇಲೂ ಫಿರ್ಯಾದಿ ಮಾಡಲಾಗದು. ಆದುದರಿಂದ ಮನುಷ್ಯರು ಮಾಡಿದ ಕೆಲಸಕ್ಕೆ ಹವಾಮಾನದ ಹೆಸರಿಟ್ಟ ಕೂಡಲೇ ಮಾಡಿದವರು ವಾಕ್ಯದಿಂದ ಹೊರಗೆ ಹೋಗಿಬಿಡುತ್ತಾರೆ. ‘ಊರಿನಲ್ಲಿ ಗಲಭೆಯ ಬಿರುಗಾಳಿ ಬೀಸಿತು’ ಎಂಬಲ್ಲಿ ಕಲ್ಲು ಎಸೆದವನಿಲ್ಲ, ತಲೆ ಒಡೆದುಕೊಂಡವನೂ ಇಲ್ಲ. ‘ಬೆಲೆಯೇರಿಕೆಯ ಬಿಸಿ’ ಎಂಬಲ್ಲಿ ಬೆಲೆ ಏರಿಸಿದವರಿಲ್ಲ. ಜಗತ್ಪ್ರಸಿದ್ಧವಾದ ಉದಾಹರಣೆಯೊಂದನ್ನು ಹೇಳುವುದಾದರೆ, 1960ರ ಫೆಬ್ರವರಿ 3ರಂದು ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಮಾತನಾಡುತ್ತ, ಆ ಖಂಡದಲ್ಲಿ ಬದಲಾವಣೆಯ ಗಾಳಿ ಬೀಸುತ್ತಿದೆ ಎಂದರು. ಆಫ್ರಿಕದ ಜನರಲ್ಲಿ ಬೆಳೆಯುತ್ತಿದ್ದ ರಾಷ್ಟ್ರೀಯ ಪ್ರಜ್ಞೆಯ ಮಾತೂ ಆ ಭಾಷಣದಲ್ಲಿತ್ತು. ಆದರೆ ಪತ್ರಿಕೆಗಳಲ್ಲಿ ಉಳಿದದ್ದು ಗಾಳಿ ಮಾತ್ರ. ಸೆರೆಮನೆ ಸೇರಿ, ಗುಂಡೇಟು ತಿಂದು ಸ್ವಾತಂತ್ರ್ಯ ಕೇಳಿದ ಜನ ಆ ಎರಡು ಶಬ್ದಗಳ ಹಿಂದೆ ಮರೆಯಾದರು.

ಇದು ನನಗೆ ಪುಸ್ತಕದಿಂದ ಹೊಳೆದದ್ದಲ್ಲ. ನಮ್ಮ ಶಾಲೆಯ ಕಷ್ಟದ ಕಾಲದಲ್ಲಿ, ಅಕ್ಷರ ಬಾರದ ರೈತರೊಬ್ಬರಿಂದ ಕಲಿತದ್ದು. ಒಂದು ವರ್ಷ ನಮ್ಮಲ್ಲಿ ಆರು ತರಗತಿಗಳಿಗೆ ಇಬ್ಬರೇ ಶಿಕ್ಷಕರು ಉಳಿದಿದ್ದೆವು. ಕನ್ನಡ ಬಲ್ಲ ಶಿಕ್ಷಕರ ಹುದ್ದೆಗಳು ಖಾಲಿಯಿದ್ದವು. ಪಠ್ಯಪುಸ್ತಕಗಳು ದಸರೆ ಕಳೆದರೂ ಬಂದಿರಲಿಲ್ಲ. ಮನವಿಗಳಿಗೆ ಉತ್ತರ ಬಾರದಾಗ ನಾನು ಒಂದು ಪತ್ರಿಕೆಗೆ ವಾಚಕರ ಪತ್ರ ಬರೆದೆ. ‘ಗಡಿನಾಡ ಕನ್ನಡ ಶಾಲೆಯಲ್ಲಿ ಶಿಕ್ಷಕರ ಬರ’ ಎಂದು ನಾನೇ ಶೀರ್ಷಿಕೆ ಕೊಟ್ಟೆ. ಅದು ಅಚ್ಚಾಯಿತು. ಹೆಮ್ಮೆಯಿಂದ ಕಟ್ಟೆಯ ಮೇಲೆ ಓದಿ ಹೇಳಿದೆ. ಮಗಳನ್ನು ನಮ್ಮ ಶಾಲೆಗೆ ಕಳಿಸುತ್ತಿದ್ದ ಆ ರೈತರು ಪೂರ್ತಿ ಕೇಳಿ ಹೇಳಿದರು: “ಬರ ಅಂದ್ರ ಮ್ಯಾಲಿಂದು ಮಾಸ್ತರ್ರೆ. ಯಾರ ಕೈಯಾಗೂ ಇಲ್ಲ. ಇದು ಹಂಗೇನು? ಕುರ್ಚಿ ಮ್ಯಾಲ ಕೂತವ್ರು ಒಂದು ಕಾಗದದ ಮ್ಯಾಲ ಸಹಿ ಹಾಕಿಲ್ಲ. ಅದನ್ನ ಬರ ಅಂತ ಬರದ್ರ ಅವ್ರಿಗಿ ಪಾಡಾಯ್ತಲ್ಲ.”

ನಾನು ಒಂದು ವಾರ ಯೋಚಿಸಿದೆ. ಆ ಬಳಿಕ ಇನ್ನೊಂದು ಪತ್ರ ಬರೆದೆ. ಅದರಲ್ಲಿ ಬರವೂ ಇರಲಿಲ್ಲ, ಬಿರುಗಾಳಿಯೂ ಇರಲಿಲ್ಲ. ಎಷ್ಟು ಹುದ್ದೆ ಮಂಜೂರಾಗಿವೆ, ಎಷ್ಟು ಖಾಲಿ, ಎಂದಿನಿಂದ ಖಾಲಿ, ಎಷ್ಟು ಮನವಿ ಕೊಟ್ಟಿದ್ದೇವೆ, ಯಾವ ಯಾವ ತಾರೀಖಿಗೆ ಕೊಟ್ಟಿದ್ದೇವೆ ಎಂದು ಪಟ್ಟಿ ಮಾಡಿದ್ದೆ. ಮೊದಲ ಪತ್ರವನ್ನು ಮೆಚ್ಚಿದ್ದ ಗೆಳೆಯರು ಇದನ್ನು ನೀರಸವೆಂದರು. ಅಚ್ಚಿನಲ್ಲಿ ಅದಕ್ಕೆ ನಾಲ್ಕು ಸಾಲು ಜಾಗ ಸಿಕ್ಕಿತು. ಆದರೆ ಮೂರು ತಿಂಗಳ ನಂತರ ಒಬ್ಬ ಶಿಕ್ಷಕರು ವರ್ಗವಾಗಿ ಬಂದರು. ಪತ್ರದಿಂದಲೇ ಬಂದರೆಂದು ನಾನು ಹೇಳಲಾರೆ. ಆದರೆ ಮೇಲಿನ ಕಛೇರಿಯಿಂದ ಬಂದವರ ಕೈಯಲ್ಲಿ ಆ ಪಟ್ಟಿಯಿದ್ದುದನ್ನು ನಾನು ಕಣ್ಣಾರೆ ಕಂಡೆ.

ಆ ವರ್ಷವೇ ನಮ್ಮ ಶಾಲೆಯ ಗೋಡೆ ಪತ್ರಿಕೆ ಹುಟ್ಟಿತು. ಹಳೆಯ ವಿದ್ಯಾರ್ಥಿಗಳು ಅದನ್ನು ಮರೆತಿರಲಾರರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ ಕಥೆಯನ್ನು ಮಕ್ಕಳಿಗೆ ಹೇಳಿ, ನಮಗೆ ಕಲ್ಲೂ ಇಲ್ಲ, ಅಚ್ಚೂ ಇಲ್ಲ, ಗೋಡೆಯಂತೂ ಇದೆ ಎಂದೆ. ಪ್ರತಿ ಸೋಮವಾರ ಎರಡು ಹಾಳೆ. ಬಲಗಡೆ ‘ಹವಾಮಾನ’ ಎಂಬ ಚೌಕ. ಅದಕ್ಕಾಗಿ ನೇರ ಅಂಚಿನ ಒಂದು ತಗಡಿನ ಡಬ್ಬಿಯನ್ನು ಬಯಲಿನಲ್ಲಿಟ್ಟು, ಬೆಳಿಗ್ಗೆ ಎಂಟೂವರೆಗೆ ಪಟ್ಟಿ ಇಳಿಸಿ ಮಳೆಯನ್ನು ಅಳೆಯುತ್ತಿದ್ದೆವು. ಒಂದು ಮಿಲಿಮೀಟರು ಮಳೆಯೆಂದರೆ ಒಂದು ಚದರ ಮೀಟರು ನೆಲಕ್ಕೆ ಒಂದು ಲೀಟರು ನೀರು ಎಂಬ ಲೆಕ್ಕವನ್ನು ಮಕ್ಕಳು ತಮ್ಮ ತಮ್ಮ ಹೊಲಕ್ಕೆ ಹಾಕಿ ನೋಡಿ ಬೆರಗಾಗುತ್ತಿದ್ದರು. ಮಿರ್ಗದ ಮಳೆ ಎಷ್ಟು, ಮಘಾ ಎಷ್ಟು, ಸ್ವಾತಿ ಎಷ್ಟು ಎಂದು ಅವರ ಅಜ್ಜಂದಿರು ಶಾಲೆಗೆ ಬಂದು ಕೇಳಿ ಹೋಗುತ್ತಿದ್ದರು. ಔರಾದಿಗೂ ಹೈದರಾಬಾದಿಗೂ ಸೇರದ ನಮ್ಮ ಊರಿಗೆ ಅಂದಿನಿಂದ ತನ್ನದೇ ಒಂದು ಮಳೆಯ ವರದಿ ದೊರೆಯಿತು.

ಗೋಡೆ ಪತ್ರಿಕೆಗೆ ನಾನು ಒಂದೇ ನಿಯಮ ಮಾಡಿದ್ದೆ. ಮಳೆ, ಗಾಳಿ, ಬರ, ವಾತಾವರಣ ಎಂಬ ಶಬ್ದಗಳನ್ನು ಆ ಚೌಕದೊಳಗೆ ಮಾತ್ರ ಬಳಸಬೇಕು. ಚೌಕದ ಹೊರಗೆ ಬರೆಯುವಾಗ ಯಾರು, ಏನು ಮಾಡಿದರು ಎಂದು ಬರೆಯಬೇಕು. ‘ಕ್ರೀಡೆಯಲ್ಲಿ ಪ್ರಶಸ್ತಿಗಳ ಸುರಿಮಳೆ’ ಎಂದು ಬರೆದವಳಿಗೆ ‘ಎಷ್ಟು ಪ್ರಶಸ್ತಿ?’ ಎಂದು ಕೇಳಿದರೆ ‘ಮೂರು’ ಎಂದು ನಾಚಿದಳು. ಮೂರು ಎಂದೇ ಬರೆಸಿದೆ. ನಿಯಮ ಬಹಳ ಚೆನ್ನಾಗಿದೆಯೆಂದು ನನಗೆ ನಾನೇ ಮೆಚ್ಚಿಕೊಂಡಿದ್ದೆ.

ಒಂದು ಸೋಮವಾರ ಏಳನೆಯ ತರಗತಿಯ ಹುಡುಗನೊಬ್ಬ ತನ್ನ ಹಾಳೆ ತಂದುಕೊಟ್ಟ. ‘ಏಳನೆಯ ತರಗತಿಯಲ್ಲಿ ಭಯದ ವಾತಾವರಣ’ ಎಂದಿತ್ತು. ನಾನು ಮಾಮೂಲಿನಂತೆ, “ನಿಯಮ ಮರೆತೆಯಾ? ವಾತಾವರಣ ತೆಗೆ. ಯಾರು, ಏನು ಎಂದು ಬರೆ” ಎಂದೆ. ಹುಡುಗ ನೆಲ ನೋಡುತ್ತ ನಿಂತ. “ಬರೀಲೇನ್ ಸರ್?” ಎಂದು ಎರಡು ಸಲ ಕೇಳಿದ. ಬರೆ ಎಂದೆ. ಮಧ್ಯಾಹ್ನ ಹೊಸ ಹಾಳೆ ಬಂತು. ಅದರಲ್ಲಿ ಹೀಗಿತ್ತು: ‘ಲೆಕ್ಕ ತಪ್ಪಿದರೆ ಮುಖ್ಯೋಪಾಧ್ಯಾಯರು ಬೆತ್ತದಿಂದ ಹೊಡೆಯುತ್ತಾರೆ. ಅದಕ್ಕೆ ಇಬ್ಬರು ಎಂಟು ದಿನದಿಂದ ಶಾಲೆಗೆ ಬಂದಿಲ್ಲ.’

ಓದುಗರೇ, ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಗಳಿಸುವುದೇನೂ ಇಲ್ಲ. ಆ ಹಾಳೆಯನ್ನು ಹರಿದುಹಾಕಲು ನನ್ನ ಕೈ ಮುಂದಾಯಿತು. ನನ್ನ ನಿಯಮವೇ ನನ್ನನ್ನು ತಡೆಯಿತು. ‘ಭಯದ ವಾತಾವರಣ’ವನ್ನು ನಾನು ಸುಲಭವಾಗಿ ಗೋಡೆಗೆ ಅಂಟಿಸುತ್ತಿದ್ದೆ, ಅದನ್ನು ಓದಿ ನಾನೇ ತಲೆದೂಗಿ, ಮಕ್ಕಳು ಪರೀಕ್ಷೆಗೆ ಹೆದರಿದ್ದಾರೆಂದು ಸಹೋದ್ಯೋಗಿಗಳಿಗೆ ಹೇಳುತ್ತಿದ್ದೆ. ಆ ಎರಡು ಶಬ್ದಗಳಲ್ಲಿ ನನಗೆ ಅಡಗಿಕೊಳ್ಳಲು ಬೇಕಾದಷ್ಟು ಜಾಗವಿತ್ತು. ಹೊಸ ಎರಡು ವಾಕ್ಯಗಳಲ್ಲಿ ಜಾಗವಿರಲಿಲ್ಲ. ಹಾಳೆಯನ್ನು ನಾನೇ ಅಂಟು ಹಚ್ಚಿ ಗೋಡೆಗೆ ಹಚ್ಚಿದೆ. ಅದೇ ಸಂಜೆ ಆ ಇಬ್ಬರ ಮನೆಗೂ ಹೋದೆ. ಒಬ್ಬನು ಮರುದಿನ ಶಾಲೆಗೆ ಬಂದ. ಇನ್ನೊಬ್ಬನ ಮನೆಗೆ ಬೀಗ ಹಾಕಿತ್ತು. ತಂದೆತಾಯಿ ಕಬ್ಬು ಕಡಿಯಲು ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿದ್ದರು. ಅವನು ಮತ್ತೆ ನಮ್ಮ ಶಾಲೆಗೆ ಬರಲೇ ಇಲ್ಲ. ಶಾಲೆಗೆ ಬರುವ ಮನಸ್ಸಿದ್ದಿದ್ದರೆ ಅಜ್ಜಿಯ ಬಳಿ ಬಿಟ್ಟು ಹೋಗುತ್ತಿದ್ದೆವೆಂದು ಅವನ ತಾಯಿ ಮುಂದೊಮ್ಮೆ ಸಂತೆಯಲ್ಲಿ ಸಿಕ್ಕಾಗ ಹೇ�ಳಿದಳು. ಆ ಮಾತು ಇಂದಿಗೂ ನನ್ನೊಳಗಿದೆ.

ಬೆತ್ತವನ್ನು ನಾನು ಆ ವಾರವೇ ಒಲೆಗೆ ಹಾಕಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿತು. ನಾನು ನಿವೃತ್ತನಾದದ್ದು ಅದಕ್ಕೂ ಒಂದು ವರ್ಷ ಮೊದಲು. ಕಾಯ್ದೆಗಿಂತ ಮುಂಚೆ ನನ್ನನ್ನು ತಿದ್ದಿದವನು ಹನ್ನೆರಡು ವರ್ಷದ ಒಬ್ಬ ವರದಿಗಾರ. ಇಂದು ಅವನು ಎರಡು ಮಕ್ಕಳ ತಂದೆ. ಈ ಸಮಾರಂಭಕ್ಕೆ ಬರುವನೆಂದು ಕೇಳಿದ್ದೇನೆ. ಬಂದರೆ ನನ್ನ ಪಕ್ಕದಲ್ಲಿ ಕೂರಬೇಕೆಂದು ಕೋರುತ್ತೇನೆ.

ಈಗ ಕಾಲ ಬದಲಾಗಿದೆ. ಹವಾಮಾನದ ಮುನ್ಸೂಚನೆ ಎಲ್ಲರ ಮೊಬೈಲಿನಲ್ಲಿದೆ. ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳಲ್ಲಿ ಎಚ್ಚರಿಕೆ ಬರುತ್ತದೆ. ಕೆಂಪೆಂದರೆ ಕೂಡಲೇ ಕ್ರಮ ಕೈಗೊಳ್ಳಿರಿ ಎಂದರ್ಥ. ಮಳೆಯ ದಿನಗಳು ಕಡಿಮೆಯಾಗಿ, ಬಂದಾಗ ಒಮ್ಮೆಲೇ ಸುರಿಯುವುದನ್ನು ನಮ್ಮ ರೈತರು ಕಣ್ಣಾರೆ ಕಾಣುತ್ತಿದ್ದಾರೆ. ಇಂಥ ಕಾಲದಲ್ಲಿ ‘ಚಂಡಮಾರುತ’, ‘ರೆಡ್ ಅಲರ್ಟ್’ಗಳನ್ನು ಸಿನಿಮಾ ಸುದ್ದಿಗೂ ಚುನಾವಣೆಯ ಸುದ್ದಿಗೂ ಖರ್ಚು ಮಾಡಿಬಿಟ್ಟರೆ, ನಿಜವಾದ ಚಂಡಮಾರುತ ಬಂದ ದಿನ ಯಾವ ಶಬ್ದದಿಂದ ಕೂಗುವುದು? 2016ರ ಏಪ್ರಿಲಿನಲ್ಲಿ ನಮಗೆ ದೂರವಲ್ಲದ ಲಾತೂರಿಗೆ ಮೀರಜದಿಂದ ‘ಜಲದೂತ’ ಎಂಬ ರೈಲಿನಲ್ಲಿ ಕುಡಿಯುವ ನೀರು ಹೋಯಿತು. ಒಂದು ನಗರಕ್ಕೆ ರೈಲಿನಲ್ಲಿ ನೀರು ಹೋಯಿತು ಎಂಬ ಆ ವಾಕ್ಯಕ್ಕೆ ಯಾವ ಅಲಂಕಾರವೂ ಬೇಕಾಗಲಿಲ್ಲ.

ಕೊನೆಗೆ ನಮ್ಮ ಶಾಲೆಯ ಮಾತು. ‘ಗಡಿಯಲ್ಲಿ ಕನ್ನಡಕ್ಕೆ ಪ್ರತಿಕೂಲ ಹವಾಮಾನವಿದೆ’ ಎಂದು ಸಭೆಗಳಲ್ಲಿ ಭಾಷಣಕಾರರು ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ನಾನೂ ಹೇಳಿದ್ದೇನೆ. ಈಗ ಹೇಳುವುದಿಲ್ಲ. ಅದು ಹವಾಮಾನವಲ್ಲ. ಖಾಲಿ ಹುದ್ದೆಯನ್ನು ತುಂಬುವವರು ಮನುಷ್ಯರು, ತುಂಬದಿರುವವರೂ ಮನುಷ್ಯರು. ಮಗುವನ್ನು ಕನ್ನಡ ಶಾಲೆಗೆ ಸೇರಿಸುವವರೂ ಸೇರಿಸದವರೂ ನಾವೇ. ನನ್ನ ಮೊಮ್ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದಾರೆ ಎಂಬುದನ್ನು ಇಲ್ಲಿ ಬರೆಯದಿದ್ದರೆ ಗೋಡೆ ಪತ್ರಿಕೆಯ ನಿಯಮಕ್ಕೆ ಭಂಗ ಬರುತ್ತದೆ. ಹಣೆಬರಹವೆಂದೋ ಹವಾಮಾನವೆಂದೋ ಕೈಚೆಲ್ಲದೆ, ಈ ವರ್ಷ ಎಷ್ಟು ಮಕ್ಕಳು ಸೇರಿದರು, ಎಷ್ಟು ಬಿಟ್ಟರು, ಯಾಕೆ ಬಿಟ್ಟರು ಎಂದು ಪ್ರತಿ ಸೋಮವಾರ ಯಾರಾದರೂ ಬರೆಯುತ್ತಿದ್ದರೆ ಈ ಶಾಲೆ ಶತಮಾನೋತ್ಸವವನ್ನೂ ಕಂಡೀತು.

ತಗಡಿನ ಡಬ್ಬಿ ತುಕ್ಕು ಹಿಡಿದು ಹೋಗಿದೆಯೆಂದು ಕೇಳಿದೆ. ಸಮಿತಿಯವರು ಒಪ್ಪಿದರೆ, ಈ ಸುವರ್ಣ ಮಹೋತ್ಸವದ ನೆನಪಿಗಾಗಿ ಒಂದು ಒಳ್ಳೆಯ ಮಳೆಮಾಪಕವನ್ನು ಶಾಲೆಗೆ ಕೊಡಬೇಕೆಂದು ನನ್ನ ಆಸೆ. ಮುಂದಿನ ಮಿರ್ಗದ ಮಳೆ ಬೀಳುವ ಮೊದಲು ಅದನ್ನು ಬಯಲಿನಲ್ಲಿ ನಿಲ್ಲಿಸಿದರೆ ಸಾಕು. ಶಾಲೆಗೂ, ಅಲ್ಲಿ ಓದಿದ, ಓದುತ್ತಿರುವ, ಓದಲಿರುವ ಎಲ್ಲ ಮಕ್ಕಳಿಗೂ ಶುಭವನ್ನು ಹಾರೈಸುತ್ತೇನೆ.